ಎಮ್ಲಿಗೆ ರಾಬಟ್ಟು ಏನಾಗಬೇಕು?

ಗುಂಡ್ಲುಪೇಟೆಗೆ ಬಂದ ನಾಲ್ಕನೆಯ ದಿನ ಮಧ್ಯಾಹ್ನ, ನನಗೆ ತಲೆ ಕೆಟ್ಟಿದೆಯೆಂದು ಇಬ್ಬರು ಹೆಂಗಸರು ತೀರ್ಮಾನಿಸಿದರು. ನಾನು ಮಾಡಿದ್ದಿಷ್ಟೇ. ಮುಂದಿನ ಕೋಣೆಯ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಮಕ್ಕಳ ಪುಸ್ತಕವೊಂದನ್ನು ಓದುತ್ತಾ ನಕ್ಕಿದ್ದೆ. ಛತ್ರಿ ಹಿಡಿದು ಸ್ಕೂಲಿಗೆ ಹೋಗುವ ಹಂದಿಮರಿಯ ಕಥೆ ಅದು. ಯಾರಿಗಾದರೂ ನಗು ಬರುತ್ತದೆ. ತಲೆ ಎತ್ತಿದರೆ ಸರಳುಗಳ ಆಚೆ ಎರಡು ಮುಖಗಳು. ಒಂದು ಮನೆಯ ಓನರ್ ದೊಡ್ಡತಾಯಮ್ಮನದು, ಇನ್ನೊಂದು ಎದುರುಮನೆ ಮಹದೇವಮ್ಮನದು.

"ಒಬ್ಬೊಬ್ರೇ ನಗ್ತಾವ್ರೆ ಕಣಕ್ಕ," ಎಂದರು ಮಹದೇವಮ್ಮ, ನಾನು ಅಲ್ಲಿ ಇಲ್ಲವೇ ಇಲ್ಲ ಎನ್ನುವಂತೆ.

"ತುಟಿ ನೋಡು, ಅಲ್ಲಾಡ್ತಾನೇ ಇಲ್ಲ," ಎಂದರು ದೊಡ್ಡತಾಯಮ್ಮ. "ಓದೋರಾದ್ರೆ ಸದ್ದು ಬರ್ಬೇಕಲ್ವಾ?"

ದೊಡ್ಡತಾಯಮ್ಮ ಸೀದಾ ಒಳಗೆ ಬಂದು ನನ್ನ ಹಣೆಯ ಮೇಲೆ ಅಂಗೈ ಇಟ್ಟರು. ಮೂವತ್ತೊಂದು ವರ್ಷ ಕಾನ್ವೆಂಟ್ ಸ್ಕೂಲಿನ ಲೈಬ್ರರಿ ನೋಡಿಕೊಂಡವಳು ನಾನು. ಓದುತ್ತಿರುವಾಗ ನನ್ನ ಟೇಬಲ್ ಮುಟ್ಟಲೂ ಯಾರಿಗೂ ಧೈರ್ಯವಿರಲಿಲ್ಲ. ಈಯಮ್ಮ ಹಣೆಯನ್ನೇ ಮುಟ್ಟಿದರು. "ಜ್ವರ ಇಲ್ಲ," ಎಂದರು, ಕೊಂಚ ನಿರಾಸೆಯಿಂದ.

ಬೆಂಗಳೂರಿನ ನಮ್ಮ ಮಹಿಳಾ ಸಮಾಜದ ಗೆಳತಿಯರೇ, ಕಳೆದ ತಿಂಗಳು ಅಲ್ಲಿಗೆ ಬಂದಾಗ ನನ್ನ ಒಂದು ಮಾತಿಗೆ ನೀವೆಲ್ಲ ಬಿದ್ದುಬಿದ್ದು ನಕ್ಕಿರಿ. ಆ ಮಾತು ಎಲ್ಲಿಂದ ಬಂತೆಂದು ಅಂದು ಹೇಳಲಾಗಲಿಲ್ಲ. ಈಗ ಬರೆಯುತ್ತಿದ್ದೇನೆ.

ನನ್ನ ಅಕ್ಕನ ಮಗಳು ಸುಜಾತಾಗೆ ಗುಂಡ್ಲುಪೇಟೆಯ ಬ್ಯಾಂಕಿಗೆ ಟ್ರಾನ್ಸ್‌ಫರ್ ಆದದ್ದು ನಿಮಗೆ ಗೊತ್ತು. "ಮೂರು ತಿಂಗಳು ಇದ್ದು ನೋಡಿ ಆಂಟಿ, ಹಿಡಿಸದಿದ್ದರೆ ವಾಪಸ್ಸು ಬಿಟ್ಟುಬರ್ತೀನಿ," ಎಂದಿದ್ದಳು. ಬಟ್ಟೆ ಒಂದು ಸೂಟ್‌ಕೇಸು, ಪುಸ್ತಕ ಒಂದು ಟ್ರಂಕು. ರಿಟೈರ್ ಆದ ದಿನ ನಾನೊಂದು ಪಣ ತೊಟ್ಟಿದ್ದೆ: ಕ್ಲಾಸಿಕ್ಸ್ ಸಾಕು, ಇನ್ನು ಬರೀ ಹೊಸ ಫಿಕ್ಷನ್. ಮಾಯಾಲೋಕದ್ದು, ರೊಮಾನ್ಸು, ಸಂಸಾರದ ಜಗಳದ್ದು, ಮಕ್ಕಳದ್ದು, ಯಾವುದಾದರೂ ಸರಿ, ಶಾಯಿ ವಾಸನೆ ಇರಬೇಕು.

ಒಂದು ವಿಷಯ ಸುಜಾತಾಗೆ ಹೇಳಿರಲಿಲ್ಲ. ಬೆಂಗಳೂರಿನ ನನ್ನ ಕೋಣೆಯಲ್ಲಿ ಕೊನೆಯ ನಾಲ್ಕು ವರ್ಷ, ಸಮಾಜದ ಮೀಟಿಂಗ್ ಇಲ್ಲದ ದಿನ ನಾನು ಮಾತಾಡುತ್ತಿದ್ದುದು ಹಾಲಿನ ಬೂತಿನವನೊಬ್ಬನ ಜೊತೆ ಮಾತ್ರ. "ಒಂದು ಪ್ಯಾಕೆಟ್," "ಥ್ಯಾಂಕ್ ಯೂ." ಇಡೀ ದಿನಕ್ಕೆ ನಾಲ್ಕು ಪದ. ಆ ಕೋಣೆಗೆ ಮರಳಿ ಹೋಗುವ ಮನಸ್ಸು ನನಗಿರಲಿಲ್ಲ.

ಹಾಗೆಂದು ಇಲ್ಲಿ ಹೊಂದಿಕೊಳ್ಳುವುದು ಸುಲಭವೇನಾಗಿರಲಿಲ್ಲ. ಅಲ್ಲಿ ಬೆಳಿಗ್ಗೆ ಟೋಸ್ಟು ತಿಂದರೆ ಅದು ಬ್ರೇಕ್‌ಫಾಸ್ಟು. ಇಲ್ಲಿ ಬಸ್‌ಸ್ಟ್ಯಾಂಡಿನ ಮಲಯಾಳಿ ಬೇಕರಿಯಿಂದ ಬ್ರೆಡ್ಡು ಹಿಡಿದು ಮನೆಗೆ ಬರುವಷ್ಟರಲ್ಲಿ ಐದು ಜನ "ಯಾರ್ಗವ್ವ ಉಷಾರಿಲ್ಲ?" ಎಂದು ಕೇಳಿದರು. ಬ್ರೆಡ್ಡು ಜ್ವರ ಬಂದವರ ಊಟ. ಅಲ್ಲಿ ಪಕ್ಕದ ಮನೆಯವರ ಹೆಸರು ತಿಳಿಯಲು ಹತ್ತು ವರ್ಷ ಬೇಕು; ಇಲ್ಲಿ ನಾನು ಮದುವೆಯಾಗಿಲ್ಲ ಎಂಬುದು ಲಗೇಜು ಇಳಿಸುವ ಮೊದಲೇ ಬೀದಿಯ ಕೊನೆ ಮುಟ್ಟಿತ್ತು.

ಜೊತೆಗೆ 'ವರಸೆ'. ಯಾರಿಗೆ ಯಾರು ಏನಾಗಬೇಕು ಎನ್ನುವ ಲೆಕ್ಕಕ್ಕೆ ಇಲ್ಲಿ ಹಾಗೆನ್ನುತ್ತಾರೆ. ಬಸ್ಸಿನಲ್ಲಿ ಪಕ್ಕ ಕೂತವರೂ ಹೆಸರು ಕೇಳುವ ಮೊದಲು ವರಸೆ ಕೇಳುತ್ತಾರೆ. ದೊಡ್ಡತಾಯಮ್ಮನ ಯಜಮಾನರು ಭೀಮನಬೀಡಿನವರು, ಆಕೆಯ ತಾಯಿಯ ಒಡಹುಟ್ಟಿದ ತಮ್ಮ. ಅದನ್ನು ಕೇಳಿದಾಗ ನಾನು ಕಾಫಿ ಲೋಟ ಕೆಳಗಿಟ್ಟಿದ್ದೆ. ಮುಖದಲ್ಲಿ ಮಾತ್ರ ಕಾನ್ವೆಂಟಿನ ಸ್ಮೈಲು.

ಹಣೆ ಮುಟ್ಟಿ ನೋಡಿದ ದಿನವೇ ದೊಡ್ಡತಾಯಮ್ಮ ಕೇಳಿದರು: "ಅದೇನ್ ನಗೋ ಅಂತದ್ದು ಅದ ಅದ್ರಲ್ಲಿ? ನಮಗೂ ಓದಿ ಏಳಿ ಟೀಚರಮ್ಮ."

ಸಂಕ್ರಾಂತಿ ಕಳೆದು ಹೊಸ ಹುಣಸೆಹಣ್ಣು ಬಂದಿದ್ದ ಸಮಯ. ಮಧ್ಯಾಹ್ನ ಜಗಲಿಯ ಮೇಲೆ ದೊಡ್ಡತಾಯಮ್ಮ, ಮಹದೇವಮ್ಮ, ದೊಡ್ಡತಾಯಮ್ಮನ ಮೊಮ್ಮಗಳು ನಾಗಮಣಿ ಕೂತು ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದರು. ನಾನು ಕುರ್ಚಿ ಹಾಕಿಕೊಂಡು, ಇಂಗ್ಲಿಷ್ ನೋಡಿಕೊಂಡು ಕನ್ನಡದಲ್ಲಿ ಹೇಳತೊಡಗಿದೆ. ಒಂದೊಂದು ವಾಕ್ಯಕ್ಕೂ ಮೂವರೂ "ಹ್ಞೂಂ", "ಹ್ಞೂಂ" ಎನ್ನುತ್ತಿದ್ದರು. ತಡೆಯಲಾರದೆ ತುಟಿಗೆ ಬೆರಳಿಟ್ಟು "ಸೈಲೆನ್ಸ್ ಪ್ಲೀಸ್," ಎಂದೆ. ಸುಮ್ಮನಾದರು. ಒಂದು ಪುಟ ಓದುವುದರಲ್ಲಿ ನನಗೇ ಗೋಡೆಗೆ ಪಾಠ ಹೇಳಿದಂತಾಯಿತು.

"ಹ್ಞೂಂ ಅನ್ನೋರಿಲ್ದಿದ್ರೆ ಕತೆ ಎಂಗವ್ವ ಮುಂದುಕ್ಕೋದದು?" ಎಂದರು ದೊಡ್ಡತಾಯಮ್ಮ. ನಾನು ಬೆರಳು ಇಳಿಸಿದೆ.

ಹಂದಿಮರಿ ಮಾತ್ರ ಗೆಲ್ಲಲಿಲ್ಲ. "ನಮ್ ಗೆಣಸ್ನೆಲ್ಲ ಬಗ್ದು ತಿಂದೋಗ್ತವೆ, ಅವಕ್ಯಾಕೆ ಛತ್ರಿ!" ಎಂದು ಮಹದೇವಮ್ಮ ನಿಜವಾಗಿಯೂ ಸಿಟ್ಟಾದರು. ಮಾಯಾಲೋಕದ ಕಥೆಯಲ್ಲಿ ಬೆಂಕಿ ಉಗುಳುವ ಪ್ರಾಣಿಯೊಂದು ನೂರು ವರ್ಷದಿಂದ ಚಿನ್ನ ಕಾಯುತ್ತಾ ಕೂತಿತ್ತು. "ನೂರ್ ವರ್ಷ ಅದ್ಕೆ ಅನ್ನ ಆಕ್ದೋರ್ಯಾರು?" ಎಂಬ ಪ್ರಶ್ನೆಗೆ ಆ ಲೇಖಕಿಯ ಬಳಿಯೂ ಉತ್ತರವಿರಲಿಲ್ಲ. ಸಂಸಾರದ ಕಾದಂಬರಿಯಲ್ಲಿ ಮನೆ ಬಿಟ್ಟು ಹೋಗುವ ಸೊಸೆಯ ಪರ ನಾನೊಬ್ಬಳೇ. ಜಗಲಿ ಇಡೀ ಅತ್ತೆಯ ಪಾರ್ಟಿ.

ರೊಮಾನ್ಸಿನಲ್ಲಿ ಎಲ್ಲರೂ ಒಂದಾದೆವು. ಹೀರೋಯಿನ್ ಎಮಿಲಿ, ಹೀರೋ ರಾಬರ್ಟ್. ಮೊದಲ ಪುಟದಲ್ಲೇ ದೊಡ್ಡತಾಯಮ್ಮ ಕುಟ್ಟುವುದನ್ನು ನಿಲ್ಲಿಸಿ, "ಎಮ್ಲಿಗೆ ರಾಬಟ್ಟು ಏನಾಗ್ಬೇಕು?" ಎಂದು ಕೇಳಿದರು. ಪುಸ್ತಕದಲ್ಲಿ ಸ್ಪಷ್ಟವಾಗಿತ್ತು. ನಾನೂ ಸ್ಪಷ್ಟವಾಗಿಯೇ ಹೇಳಿದೆ: "ಚಿಕ್ಕಪ್ಪನ ಮಗ."

ಎಲ್ಲರೂ "ಹ್ಞೂಂ" ಎಂದರು. ಅಲ್ಲೇ ನಾನು ಕೆಟ್ಟದ್ದು.

ಎರಡು ವಾರ ಕಥೆ ಸೊಗಸಾಗಿ ಸಾಗಿತು. ರಾಬರ್ಟ್ ಗುಲಾಬಿ ತಂದುಕೊಟ್ಟರೆ "ಅಯ್ಯೋ, ಊವ ತಂದವ್ನೆ ಕಣಮ್ಮಿ," ಎಂದು ನಾಗಮಣಿಯ ಕೆನ್ನೆ ತಿವಿದರು. ಮಳೆಯಲ್ಲಿ ತನ್ನ ಕೋಟು ಬಿಚ್ಚಿ ಎಮಿಲಿಗೆ ಹೊದಿಸಿದಾಗ ಮಹದೇವಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಎಂಥ ಬ್ರಾಡ್‌ಮೈಂಡೆಡ್ ಹೆಂಗಸರು, ಪ್ರೇಮವನ್ನು ಎಷ್ಟು ಸಹಜವಾಗಿ ತೆಗೆದುಕೊಳ್ಳುತ್ತಾರೆ ಎಂದು ನನಗೆ ಹೆಮ್ಮೆಯೋ ಹೆಮ್ಮೆ. ಸಂಜೆ ಬ್ಯಾಂಕಿನಿಂದ ಬಂದ ಸುಜಾತಾಗೆ "ಐ ಥಿಂಕ್ ಐ ವಿಲ್ ಸ್ಟೇ," ಎಂದೂ ಹೇಳಿಬಿಟ್ಟೆ.

ಮರುದಿನ ಪ್ರೊಪೋಸಲ್ ಬಂತು. ರಾಬರ್ಟ್ ಮಂಡಿಯೂರಿ, ಎಮಿಲಿಯ ಕೈ ಹಿಡಿದು, ಮುತ್ತಿಟ್ಟು, "ನನ್ನನ್ನು ಮದುವೆಯಾಗುತ್ತೀಯಾ?" ಎಂದ.

"ಹ್ಞೂಂ" ಬರಲಿಲ್ಲ. ಮಹದೇವಮ್ಮನ ಕೈಯಲ್ಲಿದ್ದ ಕುಟ್ಟುವ ಕಲ್ಲು ನಡುವೆಯೇ ನಿಂತಿತು. ದೊಡ್ಡತಾಯಮ್ಮ ಎದ್ದು ನಿಂತರು.

"ಯಾರು ಯಾರ್ನ?"

"ರಾಬರ್ಟ್... ಎಮಿಲಿಯನ್ನು."

"ಚಿಕ್ಕಪ್ಪನ್ ಮಗ ಅಂದ್ರಿ!"

"ಹೌದು."

"ಅಣ್ಣ ಅಲ್ವಾ ಅವ್ನು! ಅಣ್ಣ ತಂಗಿಗೆ ಊವ ತಂದ ಅಂತ ನಾನು ಊರ್ಗೆಲ್ಲ ಏಳ್ಕಂಡು ಬಂದಿವ್ನಿ! ಥೂ, ವರಸೆಗೆಟ್ಟ ನನ್ಮಗ!"

ಆಗ ನನಗೆ ಹೊಳೆಯಿತು. ಎರಡು ವಾರ ಅವರು ಅತ್ತದ್ದು ಅಣ್ಣನ ಅಕ್ಕರೆಗೆ. ನನಗೇನು ಇದು ಗೊತ್ತಿಲ್ಲದ ವಿಷಯವೇ? ನನ್ನ ಚಿಕ್ಕಪ್ಪನ ಮಕ್ಕಳಿಗೆ ನಾನೂ ಅಣ್ಣ ಎಂದೇ ಕರೆದವಳು. ಆದರೆ ಇಂಗ್ಲಿಷ್ ಪುಸ್ತಕ ತೆರೆದೊಡನೆ ನಮ್ಮ ಮನೆಯ ಕಟ್ಟಳೆಗಳೆಲ್ಲ ಚಪ್ಪಲಿಯ ಹಾಗೆ ಹೊರಗೇ ಉಳಿದುಬಿಡುತ್ತವೆ. ಸಾರಿ ಎಂದು ಮುಗಿಸಬಹುದಿತ್ತು. ಅವಮಾನಕ್ಕೆ ನಾಲಿಗೆ ಜಾರಿತು.

"ನೀವು ಸ್ವಂತ ಸೋದರಮಾವನನ್ನೇ ಮದುವೆಯಾಗಿದ್ದೀರಲ್ಲ? ಅದು ಸರಿಯೇ?"

ದೊಡ್ಡತಾಯಮ್ಮನಿಗೆ ಕೋಪ ಬರಲಿಲ್ಲ. ಪ್ರಶ್ನೆಯೇ ಅರ್ಥವಾಗಲಿಲ್ಲ. "ಮಾವನ್ನ ಬುಟ್ಟು, ಬೀದಿಲೋಗೋನ್ನ ಆಗ್ಬೇಕಿತ್ತಾ?"

ಹತ್ತೊಂಬತ್ತನೇ ವಯಸ್ಸಿಗೆ ನನ್ನನ್ನೂ ನಮ್ಮ ತಾಯಿಯ ತಮ್ಮನಿಗೆ ಕೊಡುವ ಮಾತಾಗಿತ್ತು. "ಅಂಕಲ್‌ನನ್ನೇ? ಹೌ ಹಾರಿಬಲ್!" ಎಂದು ನಾನು ಊಟ ಬಿಟ್ಟು ಅತ್ತಿದ್ದೆ. ಮಾವ ಒಳ್ಳೆಯವರು. ಪೇಟೆಗೆ ಹೋದಾಗಲೆಲ್ಲ ನನಗೊಂದು ಕಥೆ ಪುಸ್ತಕ ತರುತ್ತಿದ್ದರು. ನಾನು ಅತ್ತ ಮೇಲೆ ತರುವುದನ್ನು ನಿಲ್ಲಿಸಿದರು. ಇರಲಿ.

"ಇನ್ನು ಈ ಜಗಲಿ ಮೇಲೆ ಅದ್ನ ಓದ್ಬ್ಯಾಡಿ. ಮನೇಲಿ ಬೆಳ್ದಿರೋ ಎಣ್ಣವ್ಳೆ," ಎಂದು ದೊಡ್ಡತಾಯಮ್ಮ ನಾಗಮಣಿಯ ಕೈ ಹಿಡಿದು ಒಳಗೆ ನಡೆದರು. ಮಹದೇವಮ್ಮ ಹುಣಸೆಹಣ್ಣಿನ ಮೊರ ಎತ್ತಿಕೊಂಡು ಬೀದಿ ದಾಟಿದರು.

ಮೂರು ಮಧ್ಯಾಹ್ನ ನಾನು ಒಬ್ಬಳೇ ಕೂತೆ. ಸದ್ದಿಲ್ಲದೆ ಓದಿದೆ, ಯಾರೂ ಹಣೆ ಮುಟ್ಟಿ ನೋಡಲಿಲ್ಲ. ಇಷ್ಟೇ ಆದರೆ ಬೆಂಗಳೂರಿನ ಕೋಣೆಯೇ ಇತ್ತಲ್ಲ, ಅದಕ್ಕೆ ಇಷ್ಟು ದೂರ ಯಾಕೆ ಬರಬೇಕಿತ್ತು? ಚಾಮರಾಜನಗರಕ್ಕೆ ಬಸ್ಸು ಹತ್ತಿ ಹೋಗಿ, ವರಸೆಯ ತಂಟೆಯಿಲ್ಲದ ಕಾದಂಬರಿ ಏನಾದರೂ ಸಿಗುತ್ತದೋ ಎಂದು ಅಂಗಡಿ ಅಂಗಡಿ ಹುಡುಕಿದೆ. ಗೈಡುಗಳು, ನೋಟ್‌ಬುಕ್ಕುಗಳು, ಒಂದು ಪಂಚಾಂಗ. ಪಂಚಾಂಗ ಕೊಂಡು ಬಂದೆ. "ಮೂರು ತಿಂಗಳಾಗೋಕೆ ಇನ್ನು ಹತ್ತೇ ದಿನ ಆಂಟಿ, ಏನ್ ಮಾಡ್ತೀರಿ?" ಎಂದಳು ಸುಜಾತಾ. ನಾನು ಪಂಚಾಂಗ ತಿರುವಿದೆ.

ನಾಲ್ಕನೆಯ ದಿನ ದೊಡ್ಡತಾಯಮ್ಮ ಬಾಗಿಲಲ್ಲಿ ನಿಂತರು. ಸಿಟ್ಟು ಹಾಗೇ ಇತ್ತು. ಅದರ ಜೊತೆ ಇನ್ನೇನೋ ಸೇರಿತ್ತು.

"ಆ ಎಣ್ಣು ಏನಂದ್ಲು?"

"ಯಾವ ಹೆಣ್ಣು?"

"ಎಮ್ಲಿ. ಅವ್ನು ಕೇಳುದ್ನಲ್ಲ. ಕಪಾಳಕ್ಕೆ ಬುಟ್ಲೋ ಇಲ್ವೋ? ಅಷ್ಟು ಏಳ್ಬುಡಿ. ಅರ್ಧಕ್ಕೆ ಬುಟ್ಟ ಕತೆ, ಅನ್ನ ಗಂಟ್ಲಲ್ಲಿ ಇಳೀತಿಲ್ಲ."

ಪುಸ್ತಕದಲ್ಲಿ ಎಮಿಲಿ ಕುಣಿದು ಕುಪ್ಪಳಿಸಿ ಒಪ್ಪಿಕೊಂಡಿದ್ದಳು. ಹಾಗೆಂದು ಹೇಳಿದರೆ ಈ ಬಾಗಿಲು ಶಾಶ್ವತವಾಗಿ ಮುಚ್ಚುತ್ತದೆ. "ನಾಳೆ ಮಧ್ಯಾಹ್ನ ಬನ್ನಿ, ಓದುತ್ತೇನೆ," ಎಂದೆ.

ಪುಸ್ತಕದ ಮೇಲೆ ಪೆನ್ಸಿಲ್ ಗೆರೆ ಎಳೆದ ಮಕ್ಕಳಿಗೆ ಫೈನ್ ಹಾಕಿದವಳು ನಾನು. ಬರೆದವರ ಒಂದು ಅಕ್ಷರ ಬದಲಿಸುವುದೂ ಸುಳ್ಳು ಹೇಳಿದ ಹಾಗೆ ಎಂದು ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದರು. ಮರುದಿನ ಬೆಳಿಗ್ಗೆ ಸುಜಾತಾ ಬ್ಯಾಂಕಿಗೆ ಹೋದ ಕೂಡಲೇ ಗೆರೆ ಹಾಕಿದ ಕಾಗದ ತೆಗೆದು, ಜೀವನದಲ್ಲಿ ಮೊದಲ ಸಲ ಕಥೆ ಬರೆದೆ. ನಾಲ್ಕು ಸಲ ಹರಿದುಹಾಕಿದೆ. ಐದನೆಯದನ್ನು ಪುಸ್ತಕದ ನಡುವೆ ಇಟ್ಟೆ.

ಮೂವರೂ ಬಂದರು. ಮಹದೇವಮ್ಮ ಜಗಲಿಯ ತುದಿಯಲ್ಲಿ, ಬೇಕಾದರೆ ಎದ್ದು ಓಡುವ ಹಾಗೆ ಕೂತರು. ನಾನು ಓದಿದೆ. ರಾಬರ್ಟ್ ಕೇಳಿದ್ದನ್ನು ಚಿಕ್ಕಪ್ಪ ಬಾಗಿಲ ಮರೆಯಿಂದ ಕೇಳಿಸಿಕೊಂಡ. ನಡುಗುತ್ತಾ ಒಳಗೆ ಹೋಗಿ, ಹಳೆಯ ಪೆಟ್ಟಿಗೆಯಿಂದ ಒಂದು ಕಾಗದ ತೆಗೆದು ತಂದ. ಅದರಲ್ಲಿತ್ತು: "ಅಣ್ಣಾ, ನಾನು ಇನ್ನು ಉಳಿಯುವುದಿಲ್ಲ. ನನ್ನ ಮಗು ರಾಬರ್ಟನನ್ನು ನಿನ್ನ ಮಗನೆಂದೇ ಸಾಕು. ಇಂತಿ ನಿನ್ನ ತಂಗಿ."

ದೊಡ್ಡತಾಯಮ್ಮ ಬೆರಳು ಮಡಿಸಿದರು, ಬಿಚ್ಚಿದರು.

"ಚಿಕ್ಕಪ್ಪನ್ ತಂಗಿ ಅಂದ್ರೆ... ಎಮ್ಲಿ ಅಪ್ಪನ್ಗೂ ತಂಗಿ. ಅಂದ್ರೆ ಎಮ್ಲಿಗೆ ಸೋದರತ್ತೆ."

"ಹೌದು."

"ಸೋದರತ್ತೆ ಮಗ!" ಮಹದೇವಮ್ಮ ತುದಿಯಿಂದ ನಡುವಿಗೆ ಜರುಗಿದರು. "ಅಯ್ಯೋ ಶಿವನೇ, ಅವನ್ಗೇ ಆಗ್ಬೇಕಾದ ಎಣ್ಣು ಕಣಕ್ಕ ಅದು!"

"ಅಲ್ವಾ ಮತ್ತೆ! ಅದ್ಕೇ ಊವ ತಂದದ್ದು ಅವ್ನು. ರಕ್ತಕ್ಕೆ ಗೊತ್ತಿತ್ತು." ದೊಡ್ಡತಾಯಮ್ಮ ಮೊರ ಹತ್ತಿರಕ್ಕೆ ಎಳೆದುಕೊಂಡರು. "ಹ್ಞೂಂ. ಓದಿ, ಓದಿ. ಮದ್ವೆ ಯಾವಾಗ?"

ಮುಗಿದ ಮೇಲೆ ನಾಗಮಣಿ, ಇಂಗ್ಲಿಷ್ ಕೂಡಿಸಿ ಓದಬಲ್ಲವಳು, ನೋಡುವೆನೆಂದು ಪುಸ್ತಕ ಕೇಳಿದಳು. ಕೊಡದೆ ವಿಧಿಯಿರಲಿಲ್ಲ. ಅವಳು ಪುಟ ತಿರುವಿದಳು. ನನ್ನ ಕೈಬರಹದ ಕಾಗದ ಅವಳ ಮಡಿಲಿಗೆ ಜಾರಿತು. ಅದನ್ನು ಓದಿದಳು, ನನ್ನ ಮುಖ ನೋಡಿದಳು, ಮತ್ತೆ ಪುಸ್ತಕದೊಳಗೆ ಆಳಕ್ಕೆ ತಳ್ಳಿ ಮುಚ್ಚಿದಳು.

"ಏನದ ಅಮ್ಮಿ ಅದ್ರಲ್ಲಿ?" ಎಂದರು ಅಜ್ಜಿ.

"ಟೀಚರಮ್ಮೋರು ಓದ್ದಂಗೇ ಅದ ಕಣಜ್ಜಿ. ಒಂದಕ್ಷರನೂ ಬುಟ್ಟಿಲ್ಲ."

ಹತ್ತು ದಿನ ಕಳೆದದ್ದು ನನಗೂ ತಿಳಿಯಲಿಲ್ಲ, ಸುಜಾತಾನೂ ಕೇಳಲಿಲ್ಲ. ಈಗ ಇಲ್ಲಿ ಎರಡನೆಯ ಹುಣಸೆ ಸುಗ್ಗಿ ನೋಡಿದ್ದೇನೆ. ಪುಸ್ತಕದ ಟ್ರಂಕು ಬರಿದಾಗಿದೆ. ಕೆಲವು ಕಾದಂಬರಿಗಳು ಮೊದಲಿಗಿಂತ ದಪ್ಪವಾಗಿವೆ.

ಕಳೆದ ತಿಂಗಳು ಬೆಂಗಳೂರಿಗೆ ಬಂದೆನಲ್ಲ. ಸಮಾಜದ ಮೀಟಿಂಗ್ ಹಾಲ್, ಫ್ಯಾನು, ಬಿಸ್ಕತ್ತು, ಮಧ್ಯೆ ಮಾತಾಡದ ಓದುಗರು. ಎಷ್ಟು ಹಿತವೆನ್ನಿಸಿತು ಗೊತ್ತೇ? ಅರ್ಧ ಗಂಟೆಯ ಮೇಲೆ ಯಾರಾದರೂ "ಹ್ಞೂಂ" ಅನ್ನಬಾರದೇ ಎನ್ನಿಸಿದ್ದೂ ನಿಜ. ಅಂದು ಚರ್ಚೆಗೆ ನೀವು ಆರಿಸಿಕೊಂಡಿದ್ದು ಇದೇ ಕಾದಂಬರಿ. ಒಬ್ಬರು, "ಚಿಕ್ಕಂದಿನಿಂದ ಜೊತೆಗೆ ಬೆಳೆದ ಕಸಿನ್ಸ್ ಮದುವೆಯಾಗುವುದು, ಹೌ ಸ್ವೀಟ್," ಎಂದರು. ನಾನು ತಟ್ಟನೆ ಬಾಯಿ ಹಾಕಿದೆ:

"ಛೀ, ಚಿಕ್ಕಪ್ಪನ ಮಗ ಅಣ್ಣನಲ್ಲವೇ? ಆ ಕಾಗದ ಸಿಕ್ಕಿದ್ದಕ್ಕೆ ಸರಿಹೋಯಿತು, ಇಲ್ಲದಿದ್ದರೆ ಏನು ಗತಿ!"

"ಯಾವ ಕಾಗದ?" ಎಂದಿರಿ ನೀವೆಲ್ಲ. ಒಬ್ಬರು ಪುಸ್ತಕ ತೆರೆದು ನನ್ನ ಮುಂದೆ ಹಿಡಿದರು. ಎಮಿಲಿ ಒಪ್ಪಿಕೊಳ್ಳುವ ಪುಟ. ನಾನು ಕನ್ನಡಕ ಏರಿಸಿ, ಆ ಪುಟ ನೋಡಿದೆ, ಹಿಂದಿನದು ನೋಡಿದೆ, ಮುಂದಿನದನ್ನೂ ನೋಡಿದೆ.

"ನಿಮ್ಮ ಕಾಪಿಯಲ್ಲಿ ಒಂದು ಹಾಳೆ ಬಿಟ್ಟುಹೋಗಿದೆ," ಎಂದೆ.