ಖಾಲಿ ತೊಟ್ಟಿಲು ತೂಗಿದ ಜಪಾನಿನ ಜೋಡಿ

ನನಗಾಗ ಇಪ್ಪತ್ತೊಂಬತ್ತು. ಐವತ್ತು ವರ್ಷದ ಹಿಂದಿನ ಮಾತು. ಬೊಂಬಾಯಿಯ ಮಲಾಡಿನ ಒಂದು ಚಾಳಿನಲ್ಲಿ ನಮ್ಮ ಖೋಲಿ, ಒಂದೇ ಕೋಣೆ. ಗಂಡ ಬಿಲ್ಡಿಂಗ್ ಕೆಲಸಕ್ಕೆ ಹೋಗುತ್ತಿದ್ದ, ನಾನು ಸುತ್ತಲಿನ ಮನೆಗಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದೆ. ಆ ವರ್ಷ ತಂಗಿ ಹೆರಿಗೆಗೆ ನನ್ನ ಹತ್ತಿರ ಬಂದಿದ್ದಳು. ಊರಲ್ಲಿ ಅವ್ವ ಇರಲಿಲ್ಲ, ನಾನೇ ತವರು. ಅವಳ ಮೊದಲ ಬಸಿರು ಏಳು ತಿಂಗಳಿಗೆ ಹೋಗಿತ್ತು. ಇದೂ ನಿಲ್ಲದಿದ್ದರೆ ಬೇರೆ ಹೆಣ್ಣು ನೋಡುತ್ತೇವೆ ಎಂದು ಗಂಡನ ಮನೆಯವರು ಮುಖದ ಮೇಲೆಯೇ ಹೇಳಿ ಕಳಿಸಿದ್ದರು. ಈಗ ಎಂಟು ತುಂಬಿತ್ತು.

ಅದೇ ಹೊತ್ತಿಗೆ ನಮ್ಮ ಮಾಳಿಗೆಯ ಮೂಲೆಯ ಖೋಲಿಗೆ ಜಪಾನಿನ ಇಬ್ಬರು ಬಂದರು, ಒಬ್ಬ ಗಂಡು, ಒಬ್ಬಳು ಹೆಣ್ಣು. ಕರೆತಂದವರು ಪಕ್ಕದ ಖೋಲಿಯ ಉಡುಪಿ ಕಡೆಯ ಅಣ್ಣ. ಅವರು ಫೋರ್ಟಿನ ಹೋಟೆಲೊಂದರಲ್ಲಿ ಗಲ್ಲಾದಲ್ಲಿ ಕೂರುವವರು, ಇಂಗ್ಲಿಷ್ ಬರುತ್ತಿತ್ತು. ಈ ಇಬ್ಬರು ಅಲ್ಲಿ ಇಡ್ಲಿ ತಿನ್ನಲು ಬಂದವರು ಇರಲು ಜಾಗ ಕೇಳಿದರಂತೆ.

ನನಗೆ ಮೊದಲ ದಿನದಿಂದಲೇ ಸಂಶಯ. ಅವಳ ಕೊರಳಲ್ಲಿ ಏನೂ ಇಲ್ಲ, ಕಾಲುಂಗುರ ಇಲ್ಲ. ಕೆಲಸಕ್ಕೆ ಹೋಗುವುದಿಲ್ಲ. ಅವನದೊಂದು ಗಿಟಾರ್, ಅವಳದೊಂದು ಕೈಯಲ್ಲಿ ಬಡಿಯುವ ಸಣ್ಣ ವಾದ್ಯ, ಇಬ್ಬರಿಗೂ ಸೇರಿ ಒಂದು ಟೇಪ್ ರೆಕಾರ್ಡರ್. ಕೊಡವಿಲ್ಲದೆ ನಳದ ಸಾಲಿಗೆ ಬಂದು ನಿಂತು, ನಮ್ಮ ಜಗಳ ಟೇಪಿಗೆ ತುಂಬಿಕೊಂಡು ಹೋಗುತ್ತಿದ್ದರು. ಪೊಲೀಸರ ಕಡೆಯವರಿರಬೇಕು ಎಂದೆ. ಅಣ್ಣ ನಕ್ಕರು. ಇಬ್ಬರೂ ತಮ್ಮೂರಲ್ಲಿ ಎರಡು ರೆಕಾರ್ಡು ಮಾಡಿದ್ದಾರಂತೆ. ಯಾವ ಕಂಪನಿಯೂ ಇಲ್ಲ. ತಾವೇ ಮಾಡಿಸಿ, ತಾವೇ ಕವರಿಗೆ ಅಂಟು ಹಚ್ಚಿ, ಚಹಾದಂಗಡಿಗಳಲ್ಲಿ ಹಾಡಿ, ಬಾಗಿಲಲ್ಲಿ ನಿಂತು ತಾವೇ ಮಾರಿದ್ದಂತೆ. ಒಂದು ದೊಡ್ಡ ಕಂಪನಿ ಅವಳನ್ನು ಬಿಟ್ಟು ನೀನೊಬ್ಬನೇ ಬಾ ಎಂದು ಅವನನ್ನು ಕರೆದಿತ್ತಂತೆ, ಅವನು ಹೋಗಲಿಲ್ಲವಂತೆ. ಅದನ್ನೂ ನಾನು ನಂಬಲಿಲ್ಲ. ಹಾಗೆ ಮಾಡುವ ಗಂಡಸನ್ನು ನಾನು ಕಂಡಿಲ್ಲ. ಮೂರನೆಯ ರೆಕಾರ್ಡಿಗೆ ಮನೆಮನೆಯ ಸದ್ದು ಬೇಕಂತೆ.

“ಸದ್ದು ಯಾರು ಕೊಳ್ತಾರ್ರಿ ಅಣ್ಣಾರ? ನಮ್ಮ ನಳದಾಗ ಪುಕ್ಕಟೆ ಸಿಗತೈತಿ.”

“ಅದು ನನಗೂ ಅರ್ಥ ಆಗುದಿಲ್ಲ ಅಕ್ಕ. ಆದ್ರೆ ಪಾಪದವರು.”

ಆ ಮೂರನೆಯದು ಮುಂದೆ ಬಂತು. ಅದಾದ ಮೇಲೂ ಇಬ್ಬರೇ ಇನ್ನಷ್ಟು ಮಾಡಿದರೆಂದು ಅಣ್ಣ ಹೇಳುತ್ತಿದ್ದರು. ಇರಲಿ.

ನಮ್ಮ ಮಾಳಿಗೆಗೆಲ್ಲ ಸೇರಿ ಒಂದು ಮರದ ತೊಟ್ಟಿಲಿತ್ತು. ಯಾರ ಮನೆಯಲ್ಲಿ ಕೂಸೋ ಅವರ ಮನೆಗೆ. ಉಳಿದ ದಿನ ಖೋಲಿಗಳ ಮುಂದಿನ ಗ್ಯಾಲರಿಯ ತೊಲೆಗೆ ಸರಪಳಿ ಸುತ್ತಿ ಮೇಲೆ ಕಟ್ಟಿಡುತ್ತಿದ್ದೆವು, ಗಾಳಿಗೂ ಅಲುಗಬಾರದೆಂದು. ಖಾಲಿ ತೊಟ್ಟಿಲು ಯಾರೂ ತೂಗುವುದಿಲ್ಲ, ಬಸುರಿ ಇರುವ ಕಡೆಯಂತೂ ಇಲ್ಲವೇ ಇಲ್ಲ. ತೂಗಿದರೆ ಕೂಸಿಗೆ ಕೇಡು.

ಒಂದು ಮಧ್ಯಾಹ್ನ ರೊಟ್ಟಿ ಕೊಟ್ಟು ಮೆಟ್ಟಿಲು ಹತ್ತುತ್ತಿದ್ದೆ, ಕಿರ್ ಕಿರ್ ಎಂದು ಕೇಳಿತು. ತೊಟ್ಟಿಲು ಕೆಳಗಿಳಿದಿತ್ತು. ಅವನು ತೂಗುತ್ತಿದ್ದ, ಅವಳು ಸರಪಳಿಗೆ ಮೈಕು ಹಿಡಿದಿದ್ದಳು. ಆ ಸದ್ದಿಗೆ ನಿದ್ದೆಯಿಂದ ಎದ್ದು ಬಂದ ತಂಗಿ ಹೊಸ್ತಿಲಲ್ಲಿ ಕಂಬದ ಹಾಗೆ ನಿಂತಿದ್ದಳು. ನಾನು ಸರಪಳಿ ಹಿಡಿದು ನಿಲ್ಲಿಸಿದೆ, ಬಾಯಿಗೆ ಬಂದಿದ್ದು ಬೈದೆ. ಅವರು ಸೊಂಟ ಬಗ್ಗಿಸಿ ಬಗ್ಗಿಸಿ ನಮಸ್ಕಾರ ಮಾಡಿದರು.

ಆಗಿನಿಂದ ಕೂಸು ಮಿಸುಕುತ್ತಿಲ್ಲ ಎಂದು ತಂಗಿ ಊಟ ಬಿಟ್ಟಳು. ನೋಡಲು ಬಂದ ಹೆಂಗಸರು ಒಬ್ಬೊಬ್ಬರೂ ಒಂದೊಂದು ಸತ್ತ ಕೂಸಿನ ಕತೆ ಹೇಳಿ ಹೋದರು. ನನ್ನ ತಲೆ ಬೇರೆ ಕಡೆ ಓಡಿತು. ತಂಗಿಯ ಗಂಡನ ಮನೆಯವರೇ ಹೇಳಿ ಮಾಡಿಸಿರಬಹುದೇ? ಸಂಜೆ ಅಣ್ಣ ಬಂದದ್ದೇ ಅಡ್ಡ ನಿಂತೆ.

“ಯಾರು ಹೇಳಿ ತೂಗಿಸ್ಯಾರಂತ ಕೇಳ್ರಿ ಇವ್ರನ್ನ.”

ಅಣ್ಣ ಕೇಳಿದರು. ಯಾರೂ ಹೇಳಿಲ್ಲ, ಸರಪಳಿಯ ಸದ್ದು ಬೇಕಿತ್ತು ಎಂದರಂತೆ. ಇಲ್ಲಿ ತುಂಬಿದ್ದರಲ್ಲೆಲ್ಲ ಅದೇ ಚೆನ್ನಾಗಿ ಬಂದಿದೆಯಂತೆ. ಅಳಿಸಲಿ ಎಂದೆ. ಅವನು ಮಷೀನನ್ನು ಎದೆಗೆ ಅವುಚಿಕೊಂಡ. ಅವರಿಬ್ಬರು ಜಗಳವಾಡಿದ್ದನ್ನು ನಾನು ಅವತ್ತೇ ಕೇಳಿದ್ದು. ಆಮೇಲೆ ಅವಳು ಅಣ್ಣನಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿದಳು.

“ಅಳಿಸ್ತಾರಂತೆ ಅಕ್ಕ. ಅದನ್ನು ಇಟ್ಕೊಂಡ್ರೆ ಇನ್ನು ನಿನ್ನ ಜೊತೆ ಹಾಡುದಿಲ್ಲ ಅಂತ ಹೇಳಿದ್ಳಂತೆ ಅವನಿಗೆ.”

ಅವನು ಗುಂಡಿ ಒತ್ತಿದ, ಚಕ್ರ ತಿರುಗಿತು. ಅಳಿಸಿತೋ ಬಿಟ್ಟಿತೋ ನಮಗೇನು ಗೊತ್ತು? ಮಷೀನೂ ಅವರದು, ಗುಂಡಿಯೂ ಅವರದು. ಅಳಿಸಿದರಂತೆ ಎಂದು ತಂಗಿಗೆ ಹೇಳಿದೆ.

“ಸದ್ದು ಅಳಿಸ್ಯಾರ. ತೂಗಿದ್ದನ್ನ ಹ್ಯಾಂಗ ಅಳಸ್ತೀಯಕ್ಕಾ?” ಎಂದು ಗೋಡೆ ಕಡೆ ಮುಖ ಮಾಡಿ ಮಲಗಿದಳು.

ನಾನು ಚಟ್ನಿ ಅರೆಯಲು ಕೂತೆ. ಗುಂಡುಕಲ್ಲು ಕೈಯಲ್ಲಿದ್ದಾಗ ನೆನಪಾಯಿತು. ಹೆಸರಿಡುವ ದಿನ ತೊಟ್ಟಿಲಿಗೆ ನಾವು ಮೊದಲು ಕೂಸನ್ನು ಹಾಕುವುದಿಲ್ಲ. ಗುಂಡುಕಲ್ಲಿಗೆ ಬಟ್ಟೆ ಸುತ್ತಿ ಅದನ್ನು ಮಲಗಿಸಿ ತೂಗುತ್ತೇವೆ, ಕೂಸು ಆಮೇಲೆ. ತೊಟ್ಟಿಲಿನ ಲೆಕ್ಕಕ್ಕೆ ಕಲ್ಲೂ ಕೂಸೇ.

ಮರುದಿನ ಬೆಳಿಗ್ಗೆ, ಅಣ್ಣ ಲೋಕಲ್ ರೈಲು ಹಿಡಿಯಲು ಹೊರಡುವ ಮೊದಲು, ಕಲ್ಲು ತೊಳೆದು ಅರಿಶಿನ ಕುಂಕುಮ ಹಚ್ಚಿದೆ, ಕೂಸಿನ ತಲೆಗೆ ಹಾಕುವ ಕುಂಚಿಗೆ ತೊಡಿಸಿದೆ, ತೊಟ್ಟಿಲು ಇಳಿಸಿ ಮಲಗಿಸಿದೆ. ಇಬ್ಬರನ್ನೂ ಎಬ್ಬಿಸಿ ಕರೆದೆ. ಟೇಪಿನಲ್ಲಿ ನಿನ್ನೆ ಎಲ್ಲಿ ತುಂಬಿದ್ದರೋ ಅದರ ಮೇಲೆಯೇ ತುಂಬಲಿ ಎಂದು ಅಣ್ಣನಿಂದ ಹೇಳಿಸಿದೆ. ತೂಗಿದ್ದರ ಮೇಲೆ ತೂಗಿದರೆ ಅದೂ ಅಳಿಯುತ್ತದೆ ಎಂದು ತೊಟ್ಟಿಲ ಹಗ್ಗವನ್ನು ತಂಗಿಯ ಕೈಗೆ ಕೊಟ್ಟೆ. ಮೊದಲು ಬೇಡವೆಂದಳು, ಆಮೇಲೆ ತೂಗಿದಳು. ಕಲ್ಲಿನ ಭಾರಕ್ಕೆ ಕಿರ್ ಕಿರ್ ಹೋಗಿ ದಪ್ಪ ದನಿ ಬಂತು. ನಂಬಿಕೆ ಬಾರದೆ ಮಷೀನಿಗೆ ಕಿವಿ ಇಟ್ಟು ಎರಡು ಸಲ ಕೇಳಿದೆ. ನಿನ್ನೆಯ ಸದ್ದು ಇರಲಿಲ್ಲ. ಅವನು ಅವಳ ಮುಖ ನೋಡಿ ನಕ್ಕ. ಯಾಕೆ ನಕ್ಕನೆಂದು ಅಣ್ಣನಿಗೂ ಗೊತ್ತಾಗಲಿಲ್ಲ.

ತಂಗಿ ನನ್ನ ಕೈ ಎಳೆದು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಒಳಗಿನಿಂದ ಒಂದು ಒದೆ ಬಿತ್ತು. ರೊಟ್ಟಿ ತಿನ್ನು ಹೋಗು ಎಂದೆ. ತೊಟ್ಟಿಲನ್ನು ಮೇಲೆ ಕಟ್ಟಿ, ಈ ಸಲ ಸರಪಳಿಗೆ ಹಗ್ಗದಿಂದ ಬಿಗಿಯಾಗಿ ಎರಡು ಗಂಟು ಹಾಕಿದೆ. ಕಲ್ಲಿನ ಕುಂಚಿಗೆ ಬಿಚ್ಚಿ, ಕುಂಕುಮ ತೊಳೆದು, ಚಟ್ನಿ ಅರೆಯಲು ಕೂತೆ.