ಮಗುಚದ ಫ್ಲಾಪಿ

ಮೂಡುಬಿದಿರೆಯ ನಿವೃತ್ತ ಕಂಪ್ಯೂಟರ್ ಮಾಸ್ಟ್ರೊಬ್ಬರಿಗೆ ತಾವು ಬರೆದ ಮೊದಲ ಪ್ರೋಗ್ರಾಂ ಇನ್ನೊಮ್ಮೆ ಓಡುವುದನ್ನು ನೋಡಬೇಕಿತ್ತು. ಅದಿದ್ದದ್ದು ಹಳೆಯ ಫ್ಲಾಪಿಯ ಎರಡನೇ ಬದಿಯಲ್ಲಿ. ಫ್ಲಾಪಿಯ ಪೂರ್ತಿ ನಕಲು, ಅಂದರೆ ಡಿಸ್ಕ್ ಇಮೇಜ್ ತೆಗೆದು, ಹಳೆಯ ಕಂಪ್ಯೂಟರಿನಂತೆ ನಟಿಸುವ ಎಮ್ಯುಲೇಟರಿಗೆ ಕೊಟ್ಟರೆ ಮೊದಲ ಬದಿ ಸರಿ, ಎರಡನೆಯದು ಬರೀ ಕಸ. ಕೆಲಸ ಒಪ್ಪಿಕೊಂಡ ನಾನು ಬಿಡುವವನಲ್ಲ. ಮೂರು ದಿನ ಬಿ.ಸಿ.ರೋಡಿನಿಂದ ಬಸ್ಸು ಹಿಡಿದು ಹೋಗಿ ನಕಲು ತೆಗೆಯುವ ನಾಲ್ಕು ಸಾಫ್ಟ್‌ವೇರ್ ಬದಲಾಯಿಸಿದೆ.

"ಈ ಬದಿ ಹಾಳಾಗಿರಬೇಕು ಮಾಸ್ಟ್ರೆ" ಎಂದೆ ಕೊನೆಗೆ.

ಅವರು ಫ್ಲಾಪಿಯ ಅಂಚಿನಲ್ಲಿ ಕತ್ತರಿಯಿಂದ ಮಾಡಿದ್ದ ಕಚ್ಚು ತೋರಿಸಿದರು. "ನಮ್ಮ ಡ್ರೈವಿಗೆ ಓದ್ಲಿಕ್ಕೆ ಬರ್ತಿದ್ದದ್ದು ಒಂದೇ ಬದಿ. ಹಾಗೆ ಇನ್ನೊಂದು ಬದಿಯಲ್ಲೂ ಬರೀಲಿಕ್ಕೆ ಆಗ್ಲಿ ಅಂತ ಇಲ್ಲಿ ಕತ್ತರಿಸಿ, ಫ್ಲಾಪಿಯನ್ನೇ ದೋಸೆಯ ಹಾಗೆ ಮಗುಚಿ ಹಾಕ್ತಿದ್ದೆ. ನೀವು ಮಗುಚಿದ್ದೀರಲ್ಲ ಮಾರಾಯ್ರೆ?"

ನನ್ನ ಡ್ರೈವು ಎರಡೂ ಬದಿ ಓದುವಂಥದ್ದು. ನಾನು ಮಗುಚಿಯೇ ಇರಲಿಲ್ಲ. ಮಗುಚಿ ಬರೆದಿದ್ದ ಎರಡನೇ ಬದಿಯನ್ನು ಅದು ಮೂರು ದಿನವೂ ಹಿಂದುಮುಂದಾಗಿ ಓದುತ್ತಿತ್ತು.

ಫ್ಲಾಪಿಯನ್ನು ಮಗುಚಿ ಹಾಕಿ ಮತ್ತೆ ಇಮೇಜ್ ತೆಗೆದೆ. ಪ್ರೋಗ್ರಾಂ ಓಡಿತು. ಮಾಸ್ಟ್ರು ಪರದೆಯನ್ನೇ ನೋಡುತ್ತಾ ಕುಳಿತರು. ನನ್ನ ಮುಖ ನೋಡಲಿಲ್ಲ, ಅದು ಅವರ ದೊಡ್ಡತನ.