ಬರುವಾಗ ಎರಡು ಸ್ಟಾಪ್

ನನ್ನ ತಮ್ಮನಿಗೆ ಚಿಕ್ಕಂದಿನಿಂದ ಗೂಟ ಅಂತಲೇ ಹೆಸರು. ಕೂರಿಸಿದಲ್ಲಿ ಕೂರುತ್ತಿದ್ದ, ನಿಲ್ಲಿಸಿದಲ್ಲಿ ನಿಲ್ಲುತ್ತಿದ್ದ. ಕೇಳಿದರೆ ಮಾತ್ರ ಮಾತಾಡುತ್ತಿದ್ದ, ಅದೂ ಬೇಕಾದ್ದಕ್ಕಿಂತ ಒಂದು ಪದ ಕಡಿಮೆ. ಇಂಥವನು ದೊಡ್ಡವನಾಗಿ ಸಿಟಿ ಬಸ್ಸಿನ ಡ್ರೈವರ್ ಆದಾಗ ಗೂಟಕ್ಕೆ ಚಕ್ರ ಬಂತು ಅಂತ ಮನೆಯವರೆಲ್ಲ ನಕ್ಕೆವು. ಬಸ್ಸಿನಲ್ಲಿ ಡ್ರೈವರ್ ಸೀಟಿನ ಹಿಂದೆ "ಚಾಲಕರೊಡನೆ ಮಾತನಾಡಬಾರದು" ಅಂತ ಬರೆದಿರುತ್ತದಲ್ಲ, ಅದನ್ನು ಓದಿಯೇ ಅವನು ಆ ಕೆಲಸಕ್ಕೆ ಸೇರಿದ ಅನ್ನುವುದು ನನ್ನ ನಂಬಿಕೆ.

ಅವನ ಸಂಸಾರ ಮುರಿದದ್ದೂ ಈ ಬಾಯಿಂದಲೇ, ಅಂದರೆ ಇಲ್ಲದ ಬಾಯಿಂದ. ಕುಡಿತವಿಲ್ಲ, ಜಗಳವಿಲ್ಲ, ಯಾರ ಮೇಲೂ ಕೈ ಎತ್ತಿದವನಲ್ಲ. ಅವನ ಹೆಂಡತಿ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದವಳು. ದಿನವಿಡೀ ಸೂಜಿಗೆ ಹೆದರಿದವರನ್ನು ಮಾತಾಡಿಸಿ, ನಗಿಸಿ, ಸುಸ್ತಾಗಿ ಮನೆಗೆ ಬಂದರೆ ಇವನು ತಟ್ಟೆಯ ಮುಂದೆ ಇನ್ನೊಂದು ತಟ್ಟೆಯ ಹಾಗೆ ಕೂತಿರುತ್ತಿದ್ದ. "ಅಕ್ಕ, ಗೋಡೆ ಜೊತೆ ಬೇಕಾದ್ರೂ ಸಂಸಾರ ಮಾಡಬಹುದು. ಗೋಡೆಗಾದ್ರೂ ಕಿವಿ ಇರುತ್ತೆ ಅಂತಾರೆ," ಅಂದಳು ಒಮ್ಮೆ ನನ್ನ ಹತ್ತಿರ. ಅಂತೂ ಇಬ್ಬರೂ ಒಪ್ಪಿಯೇ ಬೇರೆಯಾದರು. ಈಗ ಅವಳನ್ನು ತಮ್ಮನ ಮಾಜಿ ಹೆಂಡತಿ ಅನ್ನಬೇಕಂತೆ. ಮಾಜಿ ಅನ್ನುವುದು ಮಂತ್ರಿಗಳಿಗೆ ಸರಿ. ನನ್ನ ಬಾಯಿಗೆ ತಮ್ಮನ ಹೆಂಡತಿ ಅಂತಲೇ ಬರುತ್ತದೆ, ಹಾಗೇ ಬರೆಯುತ್ತೇನೆ.

ರೈಲ್ವೆ ಯಾರ್ಡಿನ ಪಕ್ಕದ ಹಳೆಯ ಮನೆ ತಾಯಿ ಮಗಳಿಗೆ, ತಮ್ಮ ಬೇರೆ ಮನೆ ನೋಡಿಕೊಳ್ಳುವುದು ಎಂದಾಯಿತು. ಅಪ್ಪನನ್ನು ನೋಡುವ ವಿಷಯಕ್ಕೆ ಮಾತ್ರ ಹುಡುಗಿಯೇ ಷರತ್ತು ಹಾಕಿದಳು. ಹನ್ನೆರಡು ವರ್ಷದ ಆ ಹುಡುಗಿಯನ್ನು ನಾವು ಮೆಣಸು ಅನ್ನುತ್ತೇವೆ. ಗಾತ್ರ ನೋಡಿ ಮೋಸ ಹೋಗಬಾರದು.

"ಭಾನುವಾರ ನಾನೇ ಬರ್ತೀನಿ. ಕರ್ಕೊಂಡು ಹೋಗೋಕೆ ಯಾರೂ ಬರಬೇಡಿ, ನಾನೇನು ಪಾರ್ಸೆಲ್ಲಾ? ಬರಬೇಕು ಅನ್ನಿಸಿದ್ರೆ ಬರ್ತೀನಿ, ಇಲ್ಲಾಂದ್ರೆ ಇಲ್ಲ."

ಆ "ಇಲ್ಲಾಂದ್ರೆ ಇಲ್ಲ" ತಮ್ಮನಿಗೆ ಸರಿಯಾಗಿ ನಾಟಿತು. ಮನೆ ದೂರವಾದರೆ, ಬಸ್ಸು ಬದಲಿಸಬೇಕಾದರೆ, ಬಿಸಿಲಲ್ಲಿ ಕಾಯಬೇಕಾದರೆ ಹುಡುಗಿಗೆ ಒಂದು ಭಾನುವಾರ ಬೇಜಾರು ಬರುತ್ತದೆ. ಒಂದು ವಾರ ಬಿಟ್ಟವಳು ಇನ್ನೊಂದೂ ಬಿಡುತ್ತಾಳೆ. ಹೆಂಡತಿ ಹೋದ ಹಾಗೆ ಸದ್ದಿಲ್ಲದೆ ಮಗಳೂ ಹೋಗುತ್ತಾಳೆ. ಇದನ್ನೆಲ್ಲ ಅವನು ಹೇಳಲಿಲ್ಲ. "ಅವಳು ಸುಲಭವಾಗಿ ಬರೋ ಹಾಗಿರಬೇಕು," ಅಂದ, ಅಷ್ಟೇ. ಉಳಿದದ್ದು ನಾನು ಅವನ ಮುಖ ನೋಡಿ ಓದಿಕೊಂಡೆ, ಅಭ್ಯಾಸವಿದೆ.

ಊರಿನ ಸುತ್ತಲ ಬಡಾವಣೆಗಳನ್ನು ನೋಡಲು ಅವನ ಜೊತೆ ನಾನೂ ಹೊರಟೆ. ನಾನು ಕನ್ನಡಕದ ಅಂಗಡಿಯ ಕೌಂಟರಿನಲ್ಲಿ ಇರುವವಳು. ಮುಖಕ್ಕೆ ಒಪ್ಪದ ಫ್ರೇಮನ್ನು ಚೆನ್ನಾಗಿದೆ ಅಂತ ಹೇಳಿ ಮಾರುವುದು ನನ್ನಿಂದಾಗದು, ಹಾಗಾಗಿ ನಮ್ಮ ಮಾಲೀಕರಿಗೆ ನಾನು ನುಂಗಲಾರದ ತುತ್ತು. ಮನೆಗಳ ವಿಷಯದಲ್ಲೂ ನನ್ನ ನಾಲಿಗೆ ಹಾಗೇ. ಮೊದಲು ನಮ್ಮ ಬಡಾವಣೆಗೇ ಕರೆದುಕೊಂಡು ಹೋದೆ. ಪಾರ್ಕಿದೆ, ಲೈಬ್ರರಿ ಇದೆ, ನೀರಿಗೆ ತೊಂದರೆಯಿಲ್ಲ, ಎಲ್ಲಕ್ಕಿಂತ ಹೆಚ್ಚಾಗಿ ಪಕ್ಕದ ಬೀದಿಯಲ್ಲಿ ನಾನಿದ್ದೇನೆ. ಒಂದು ಹೊತ್ತು ಅಡುಗೆ ಮಾಡದಿದ್ದರೂ ಉಪವಾಸ ಬೀಳುವುದಿಲ್ಲ.

"ಬಸ್ಸು?" ಅಂದ.

"ಒಂದೇ ಕಡೆ ಬದಲಿಸಬೇಕು, ಅಷ್ಟೇ."

"ಬೇಡ," ಅಂದ.

ಆಮೇಲೆ ಒಬ್ಬ ದಲ್ಲಾಳಿ ಗಂಟು ಬಿದ್ದ. ಅವನ ಬಾಯಲ್ಲಿ "ಇಲ್ಲೇ" ಅನ್ನುವ ಪದ ರಬ್ಬರಿನದು. ಸ್ಕೂಲು ಇಲ್ಲೇ, ಆಸ್ಪತ್ರೆ ಇಲ್ಲೇ, ಸ್ಟೇಷನ್ನು ಇಲ್ಲೇ. ಹೊಸ ಬಡಾವಣೆಯೊಂದರಲ್ಲಿ ಎತ್ತರದ ಕಟ್ಟಡಗಳು, ನಾಲ್ಕು ಲಿಫ್ಟು, ಕೆಳಗೆ ನಾಯಿಗಳಿಗೆಂದೇ ಒಂದು ತೋಟ. ಮನುಷ್ಯರಿಗೆ ಬಸ್ ಸ್ಟಾಪು ಮಾತ್ರ "ಇಲ್ಲೇ" ಇತ್ತು, ಹೋಗುವಷ್ಟರಲ್ಲಿ ನನ್ನ ಚಪ್ಪಲಿ ಸವೆಯಿತು. ಇನ್ನೊಂದು ಕಡೆ ಮರಗಳ ಸಾಲು, ಹಕ್ಕಿಗಳ ಕೂಗು, ಆದರೆ ಅಡುಗೆಮನೆಯ ಕಿಟಕಿ ತೆರೆದರೆ ಪಕ್ಕದವರ ಬಚ್ಚಲು. ಅಲ್ಲಿ ನಿಂತಿರುವಾಗಲೇ ಯಾರೋ ಹಾಡುತ್ತಾ ನೀರು ಹೊಯ್ದುಕೊಳ್ಳತೊಡಗಿದರು. "ಗಾಳಿ ಬೆಳಕು ಚೆನ್ನಾಗಿದೆ ಮೇಡಂ," ಅಂದ ದಲ್ಲಾಳಿ. "ಸಂಗೀತವೂ ಇದೆ," ಅಂದೆ ನಾನು.

ಕೊನೆಗೆ ತಮ್ಮ ತಾನೇ ಹುಡುಕಿಕೊಂಡ. ಯಾರ್ಡಿನ ಆಚೆ ಕಡೆಯ ಬಡಾವಣೆ, ಡ್ರೈಕ್ಲೀನಿಂಗ್ ಅಂಗಡಿಯ ಮೇಲೆ ಎರಡು ಕೋಣೆ. ಕಿಟಕಿಯಿಂದ ಇಸ್ತ್ರಿಯ ಹಬೆ ಒಳಗೆ ಬರುತ್ತಿತ್ತು. ಗೂಡ್ಸ್ ಗಾಡಿ ಹೋದರೆ ಕಪಾಟಿನ ಬಾಗಿಲು ತಾನೇ ತೆರೆದುಕೊಂಡು, ಇನ್ನೊಂದು ಗಾಡಿ ಹೋಗುವಾಗ ಮುಚ್ಚಿಕೊಳ್ಳುತ್ತಿತ್ತು.

"ಇದೇನೋ ಇದು? ಮನೆಯೋ ರೈಲಿನ ಡಬ್ಬಿಯೋ?"

"ಎರಡು ಸ್ಟಾಪ್," ಅಂದ ತಮ್ಮ. ಅವನ ಮುಖದಲ್ಲಿ ಅಂಥ ಬೆಳಕು ನಾನು ನೋಡಿ ಬಹಳ ಕಾಲವಾಗಿತ್ತು.

ಅವನು ಓಡಿಸುವ ಬಸ್ಸು ಬಡಾವಣೆಗಳನ್ನೆಲ್ಲ ಮುಟ್ಟಿಕೊಂಡು ಊರನ್ನು ಸುತ್ತು ಹಾಕುತ್ತದೆ. ಡಿಪೋದಲ್ಲಿ ಆ ದಾರಿಗೆ ಗಾಣ ಅನ್ನುತ್ತಾರೆ, ಓಡಿಸುವವರಿಗೆ ಎತ್ತು. ತಮ್ಮ ಎಷ್ಟೋ ವರ್ಷದಿಂದ ಗಾಣದೆತ್ತು. ಹಳೆಯ ಮನೆಯ ಮುಂದೆ ಹತ್ತಿದರೆ, ಯಾರ್ಡಿನ ಮೇಲಿನ ಸೇತುವೆ ದಾಟಿ ಎರಡನೇ ಸ್ಟಾಪೇ ಈ ಡ್ರೈಕ್ಲೀನಿಂಗ್ ಅಂಗಡಿ. ಹುಡುಗಿ ಸೀಟಿನಲ್ಲಿ ಸರಿಯಾಗಿ ಕೂರುವಷ್ಟರಲ್ಲಿ ಇಳಿಯಬೇಕು. ಅದಕ್ಕಿಂತ ಒಳ್ಳೆಯ ಬಡಾವಣೆ ಈ ಲೋಕದಲ್ಲಿಲ್ಲ ಅನ್ನುವ ಹಾಗೆ ನಿಂತಿದ್ದ.

ಮೊದಲ ಭಾನುವಾರ ಮೆಣಸು ಹೇಳಿದ ಹಾಗೇ ಒಬ್ಬಳೇ ಬಂದಳು. "ಇಷ್ಟು ಹತ್ತಿರಾನಾ!" ಅಂದಳು. ಸಾಮಾನು ಜೋಡಿಸಿಕೊಡಲು ನಾನೂ ಅಲ್ಲಿದ್ದೆ. ಆ ದಿನ ಅಪ್ಪ ಮಗಳು ಮಾತಾಡಿದ್ದು ಹೇಳಬೇಕೆಂದರೆ, "ಊಟ ಮಾಡ್ತೀಯಾ?" "ಹೂಂ." "ಸಾಕಾ?" "ಹೂಂ." ಕಪಾಟಿನ ಬಾಗಿಲೇ ಅವರಿಗಿಂತ ಹೆಚ್ಚು ಬಾಯಿ ಬಿಟ್ಟಿತು. ಹುಡುಗಿ ಗೋಡೆ ನೋಡಿದಳು, ಕಿಟಕಿ ನೋಡಿದಳು, ಉಗುರು ನೋಡಿಕೊಂಡಳು. ಹೀಗಾದರೆ ಮುಂದಿನ ವಾರ ಇವಳು ಬಂದ ಹಾಗೇ ಅಂದುಕೊಂಡೆ.

ಸಂಜೆ ಮೆಣಸು ಚೀಲ ಹೆಗಲಿಗೇರಿಸಿದಳು. "ಹೊರಡ್ತೀನಿ ಅಪ್ಪ. ವಾಪಸ್ ಹೋಗೋ ಬಸ್ಸಿಗೆ ಎದುರುಗಡೆ ನಿಲ್ಲಬೇಕಾ?"

ತಮ್ಮ ಮಾತಾಡಲಿಲ್ಲ. ಅದರಲ್ಲೇನೂ ಹೊಸದಿಲ್ಲ, ಆದರೆ ಈ ಸಲ ಅವನ ಮುಖದ ಬಣ್ಣವೇ ಇಳಿದುಹೋಯಿತು. ಎದುರುಗಡೆ ಸ್ಟಾಪೇ ಇಲ್ಲ. ಗಾಣ ಒಂದೇ ದಿಕ್ಕಿಗೆ ತಿರುಗುತ್ತದೆ. ಆ ಸೇತುವೆ ಕಿರಿದು, ವಾಹನಗಳು ಆ ಕಡೆಯಿಂದ ಈ ಕಡೆಗೆ ಬರಬೇಕೇ ಹೊರತು ಹೋಗುವ ಹಾಗಿಲ್ಲ. ನಡೆಯುವವರಿಗೆ ಅಂಚಿನಲ್ಲಿ ಜಾಗವೂ ಇಲ್ಲ. ಬರುವಾಗ ಎರಡು ಸ್ಟಾಪು, ಹೋಗುವಾಗ ಊರೆಲ್ಲ ಸುತ್ತಬೇಕು.

"ನೀನೇ ದಿನಾ ಓಡಿಸೋ ದಾರಿ ಅಲ್ವೇನೋ!" ಅಂದೆ. "ಬರೋದು ನೋಡಿದೆ. ಹೋಗೋದು ನೋಡ್ಲಿಲ್ವಾ?"

"ಅವಳು ಹೋಗೋದು ನನ್ನ ತಲೆಗೇ ಬರಲಿಲ್ಲ ಅಕ್ಕ," ಅಂದ.

ಇನ್ನೂ ನಾಲ್ಕು ಮಾತು ಬೈಯಬೇಕೆಂದು ತೆರೆದಿದ್ದ ಬಾಯಿ ಮುಚ್ಚಿದೆ. ನನಗೆ ಅಳು ಬಂದಿತ್ತು.

ಕತ್ತಲಾಗುತ್ತದೆಂದು ಅವನೂ ಮಗಳ ಜೊತೆ ಬಸ್ಸು ಹತ್ತಿದ. ಊರು ಸುತ್ತಿ ಮನೆ ಮುಟ್ಟುವಾಗ ತಮ್ಮನ ಹೆಂಡತಿ ಬಾಗಿಲಲ್ಲೇ ನಿಂತಿದ್ದಳಂತೆ. ಮಾರನೇ ದಿನ ನನಗೆ ಫೋನು ಮಾಡಿದಳು. "ಅಕ್ಕ, ನಿಮ್ಮ ತಮ್ಮ ಹುಡುಕಿದ್ದು ಮನೇನೋ ಬಸ್ಸನ್ನೋ? ಸೋಮವಾರ ಸ್ಕೂಲಿದೆ. ಪ್ರತಿ ವಾರ ಹೀಗೆ ಹೊತ್ತು ಮೀರಿ ಬಂದ್ರೆ ನಾನು ಕಳಿಸೋದಾದ್ರೂ ಹೇಗೆ?" ತಪ್ಪು ಅವಳದಲ್ಲ. ನಾನು ತಮ್ಮನಿಗೆ ಬೇರೆ ಮನೆ ನೋಡೋಣ ಅಂದೆ. ಎಲ್ಲಿಗೆ ಅಂತ ಹೋಗುತ್ತಾನೆ? ಬೇರೆ ಎಲ್ಲಿ ಮನೆ ಮಾಡಿದರೂ ಅವಳು ಬರುವ ದಾರಿ ಉದ್ದವಾಗುತ್ತಿತ್ತು. ಕೆರೆಗೆ ಹೆದರಿ ಬಾವಿಗೆ ಬಿದ್ದ ಹಾಗಾಗುತ್ತಿತ್ತು.

ಆದರೆ ಮುಂದಿನ ಭಾನುವಾರವೂ ಮೆಣಸು ಬಂದಳು. ಅದರ ಮುಂದಿನದೂ. ತಮ್ಮನ ಹೆಂಡತಿ ಮತ್ತೆ ದೂರಲಿಲ್ಲ. ಇದೇನು ವಿಚಿತ್ರ ಅಂತ ಒಂದು ಭಾನುವಾರ ನಾನೂ ಅವರ ಜೊತೆ ಸಂಜೆಯ ಬಸ್ಸು ಹತ್ತಿ ಹಿಂದಿನ ಸೀಟಿನಲ್ಲಿ ಕೂತೆ.

ಭಾನುವಾರ ತಮ್ಮನಿಗೆ ರಜಾ, ಓಡಿಸುವ ಎತ್ತು ಬೇರೆ. ಆದರೂ ತಿರುವು ಬಂದಾಗಲೆಲ್ಲ ಇವನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಎರಡು ಬಡಾವಣೆ ದಾಟಿರಬೇಕು, ಮುಂದೆ ಯಾರೋ ಗಂಡಸು ಮಾತಾಡುವುದು ಕೇಳಿಸಿತು. ಯಾರಪ್ಪಾ ಇವನು ಅಂತ ಕತ್ತು ಚಾಚಿದರೆ ನನ್ನ ತಮ್ಮ.

"ಇಲ್ಲಿ ಒಬ್ಬರು ಬಾಗಿಲು ಹೊತ್ಕೊಂಡು ಹತ್ತಿದ್ರು," ಅನ್ನುತ್ತಿದ್ದ. "ಮನೆ ಬಾಗಿಲು. ಕಂಡಕ್ಟರು ಬಾಗಿಲಿಗೂ ಟಿಕೆಟ್ ತಗೋಬೇಕು ಅಂದ್ರು. ಅವರು, ಬಾಗಿಲು ನಿಂತ್ಕೊಂಡೇ ಬರುತ್ತೆ, ಸೀಟು ಕೇಳಲ್ಲ ಅಂದ್ರು. ಜಗಳ ಮುಗಿಯೋವರೆಗೂ ಹತ್ತಿದವರೆಲ್ಲ ಆ ಬಾಗಿಲು ತಟ್ಟಿ ಒಳಗೆ ಬರ್ತಿದ್ರು."

ಮೆಣಸು ಕಿಸಕ್ಕನೆ ನಕ್ಕಳು. "ಆಮೇಲೆ?"

"ಈ ಸ್ಟಾಪಲ್ಲಿ ಒಬ್ಬ ಟೀಚರ್ ದಿನಾ ಓಡಿ ಬಂದು ಹತ್ತೋರು. ಕನ್ನಡಿಯಲ್ಲಿ ಅವರು ಓಡೋದು ಕಂಡ ತಕ್ಷಣ ನಿಧಾನ ಮಾಡ್ತಿದ್ದೆ. ಒಂದು ದಿನ ಪಾಪ, ಬೇಗ ಬಂದು ಸ್ಟಾಪಲ್ಲಿ ನಿಂತು ಕೈ ತೋರಿಸಿದ್ದಾರೆ. ನಾನು ನಿಲ್ಲಿಸದೆ ಹೋಗಿಬಿಟ್ಟೆ. ಅವರು ನಿಂತಿರೋದು ಅಲ್ಲಿವರೆಗೂ ನಾನು ನೋಡೇ ಇರಲಿಲ್ಲ, ಅದಕ್ಕೇ ಗುರುತು ಸಿಗಲಿಲ್ಲ."

ಅವನು ಹೀಗೆ ಮಾತಾಡುತ್ತಲೇ ಹೋದ. ಒಂದೊಂದು ಸ್ಟಾಪಿಗೂ ಒಂದೊಂದು. ಕಣ್ಣು ಮಾತ್ರ ರಸ್ತೆಯ ಮೇಲೆ, ಮಗಳ ಕಡೆ ತಿರುಗಲಿಲ್ಲ. ಪ್ರಾಯಶಃ ಎದುರು ಬದುರು ಕೂತರೆ ಅವನಿಗೆ ಬಾಯಿ ಕಟ್ಟುತ್ತದೆ, ರಸ್ತೆ ಓಡುತ್ತಿದ್ದರೆ ಮಾತೂ ಓಡುತ್ತದೆ. ಎತ್ತಿ ಆಡಿಸಿದ ಅಕ್ಕ ನಾನು, ಜೀವಮಾನದಲ್ಲಿ ನನಗೆ ಅವನು ಇದರ ಕಾಲು ಭಾಗವನ್ನೂ ಹೇಳಿರಲಿಲ್ಲ. ಸುಳ್ಳೇಕೆ, ನನಗೆ ಹೊಟ್ಟೆಕಿಚ್ಚಾಯಿತು.

ಇಷ್ಟಾದ ಮೇಲೂ ನಾನು ಸುಮ್ಮನಿರಲಿಲ್ಲ, ಹುಟ್ಟುಗುಣ. ನಮ್ಮ ಅಂಗಡಿಗೆ ರೈಲ್ವೆ ವರ್ಕ್‌ಶಾಪಿನ ಫಿಟ್ಟರೊಬ್ಬರು ಕನ್ನಡಕಕ್ಕೆ ಬಂದಿದ್ದರು. ಫ್ರೇಮು ಆರಿಸುತ್ತಾ ಮಾತಿಗೆ ಮಾತು ಬಂದು, ಯಾರ್ಡನ್ನು ನಡೆದು ದಾಟಲು ವರ್ಕ್‌ಶಾಪಿನ ಹಿಂದೆ ಕಬ್ಬಿಣದ ಮೆಟ್ಟಿಲಿನ ಸಣ್ಣ ಸೇತುವೆ ಇದೆ, ಯಾರು ಬೇಕಾದರೂ ಹೋಗಬಹುದು ಅಂದರು. ಡ್ರೈಕ್ಲೀನಿಂಗ್ ಅಂಗಡಿಯಿಂದ ಹಳೆಯ ಮನೆಗೆ ಒಂದು ಹಾಡು ಗುನುಗುವಷ್ಟು ಹೊತ್ತಿನ ದಾರಿ. ತಮ್ಮನಿಗೆ ಹೇಗೆ ಗೊತ್ತಿರುತ್ತದೆ? ಬಸ್ಸು ಹೋಗದ ದಾರಿ ಅವನ ಪಾಲಿಗೆ ದಾರಿಯೇ ಅಲ್ಲ. ನಾನು ದೊಡ್ಡ ಉಪಕಾರ ಮಾಡಿದವಳ ಹಾಗೆ ಹೋಗಿ ಹೇಳಿದೆ. ಅವನು ಕೇಳಿಸಿಕೊಂಡು, "ಹೌದಾ," ಅಂದ. ಆಮೇಲೆ ತುಂಬ ಹೊತ್ತು ತಟ್ಟೆ ಒರೆಸಿದ, ಒರೆಸಿದ್ದನ್ನೇ ಒರೆಸಿದ. ಆಗ ನನಗೆ ನಾನು ಏನು ಮಾಡಿದೆ ಅಂತ ಗೊತ್ತಾಯಿತು. ಅವನಿಗಿದ್ದ ಒಂದೇ ಒಂದು ಮಾತಿನ ಜಾಗವನ್ನು ಕಿತ್ತುಕೊಂಡಿದ್ದೆ.

"ಹೇಳಬೇಡ ಬಿಡು ಅವಳಿಗೆ," ಅಂದೆ.

"ಅವಳಮ್ಮ ಕಾಯ್ತಿರ್ತಾಳೆ, ಅಕ್ಕ," ಅಂದ.

ಆ ಭಾನುವಾರ ಸಂಜೆ ಅಂಗಡಿಯ ಮುಂದಿನ ಸ್ಟಾಪಿನಲ್ಲಿ ಮೂವರೂ ನಿಂತಿದ್ದೆವು. ಬಸ್ಸು ದೂರದಲ್ಲಿ ಕಂಡಾಗ ತಮ್ಮ ಮಗಳ ಕಡೆ ತಿರುಗಿದ. "ಮೆಣಸು, ವರ್ಕ್‌ಶಾಪ್ ಹಿಂದೆ ನಡೆಯೋ ದಾರಿ ಇದೆಯಂತೆ. ಬೇಗ ಮನೆ ಸೇರ್ತೀಯ. ಇನ್ಮೇಲೆ ಹಾಗೇ ಹೋಗು. ಬಾ, ಇವತ್ತು ತೋರಿಸ್ತೀನಿ."

"ಗೊತ್ತು," ಅಂದಳು ಮೆಣಸು.

"ಗೊತ್ತಾ?"

"ನೀನು ಮನೆ ಮಾಡಿದ ಎರಡನೇ ವಾರವೇ ಅಮ್ಮ ತೋರಿಸಿದ್ಲು. ನಾನು ಬರೋದು ಹಾಗೇನೇ, ಬಸ್ಸಲ್ಲಲ್ಲ."

ತಮ್ಮ ಅವಳನ್ನೇ ನೋಡಿದ. ನಾನೂ ನೋಡಿದೆ. "ಮತ್ತೆ ವಾಪಸ್ ಹೋಗುವಾಗ ಯಾಕೆ ಬಸ್ಸಲ್ಲಿ ಹೋಗ್ತೀಯೇ?" ಅಂದೆ.

"ಅಮ್ಮಾನೇ ಹೇಳಿದ್ದು ಅತ್ತೆ. ಮೊದಲನೇ ಭಾನುವಾರ ಅಪ್ಪ ಬಸ್ಸಲ್ಲಿ ಹೇಳಿದ ಕಥೇನ ಆಮೇಲೆ ಒಂದು ದಿನ ಮನೇಲಿ ಹೇಳಿದೆ. ಅಮ್ಮ ಅಡುಗೆ ನಿಲ್ಲಿಸಿ, ಇದು ನಿಮ್ಮಪ್ಪ ಹೇಳಿದ್ದಾ, ನಿಮ್ಮಪ್ಪಾನೇನಾ ಅಂತ ಮತ್ತೆ ಮತ್ತೆ ಕೇಳಿದ್ಲು. ಆಮೇಲೆ, ಹೊತ್ತಾದ್ರೂ ಪರವಾಗಿಲ್ಲ, ವಾಪಸ್ ಬರುವಾಗ ಅಪ್ಪನ ಜೊತೆ ಬಸ್ಸಲ್ಲೇ ಬಾ, ಕೇಳಿಸ್ಕೊಂಡು ಬಂದು ನನಗೂ ಹೇಳು ಅಂದ್ಲು."

ಬಸ್ಸು ಬಂದು ನಿಂತಿತು. ಬಾಗಿಲು ತೆರೆಯಿತು. ಡ್ರೈವರ್ ತಮ್ಮನ ಗುರುತಿನವನು, ಹತ್ತೋದಿಲ್ವಾ ಅನ್ನುವ ಹಾಗೆ ನೋಡಿದ. ಮೆಣಸು ಹತ್ತಿದಳು. ತಮ್ಮ ಒಂದು ಕಾಲು ಮೆಟ್ಟಿಲ ಮೇಲಿಟ್ಟು, ಕಂಬಿ ಹಿಡಿದು ಅಲ್ಲೇ ನಿಂತ. ಬೇರೆಯಾದಾಗಿನಿಂದ ಅವನು ಹೆಂಡತಿಯ ಬಗ್ಗೆ ಯಾರ ಹತ್ತಿರವೂ ಒಂದು ಮಾತು ಕೇಳಿದವನಲ್ಲ.

"ಕೇಳಿ ಏನಂತಾಳೆ?" ಅಂದ.

"ಕೆಲವಕ್ಕೆ ನಗ್ತಾಳೆ," ಅಂದಳು ಮೆಣಸು.